ಸುಟ್ಟ ಮನೆಯ ಲೆಕ್ಕ

ನಮ್ಮ ಮನೆಗೆ ಬೆಂಕಿ ಹತ್ತಿದ್ದು ಹಾಲ್‌ನಲ್ಲಿ ಟಿವಿ ಹಿಂದೆ ಇದ್ದ ಎಕ್ಸ್‌ಟೆನ್ಷನ್ ಬಾಕ್ಸ್‌ನಿಂದ. ಆ ಹೊತ್ತಿಗೆ ಮನೆಯಲ್ಲಿ ಯಾರೂ ಇರಲಿಲ್ಲ. ಹಾಗಾಗಿ ಯಾರಿಗೂ ಏನೂ ಆಗಲಿಲ್ಲ. ಹಾಲ್ ಪೂರ್ತಿ ಸುಟ್ಟಿತು. ಪಕ್ಕದ ಎರಡು ಕೋಣೆಗಳಿಗೆ ಬೆಂಕಿ ತಲುಪಲಿಲ್ಲ, ಆದರೆ ಹೊಗೆ ತುಂಬಿಕೊಂಡಿತ್ತು. ಆರಿಸಲು ಹೊಡೆದ ನೀರು ಎಲ್ಲ ಕಡೆ ಹರಿದಿತ್ತು. ಮನೆಯಲ್ಲಿ ಇರುವುದು ಅಮ್ಮ, ಅಕ್ಕ, ನಾನು. ಕಟ್ಟಡ ಮತ್ತು ಒಳಗಿನ ಸಾಮಾನು ಎರಡಕ್ಕೂ ಸೇರಿಸಿ ಒಂದು ವಿಮೆ ಇತ್ತು. ಅದರ ಕ್ಲೇಮ್ ಕೆಲಸವನ್ನು ಮೊದಲಿಂದ ನಾನೇ ನೋಡಿಕೊಂಡೆ.

ಪಾಲಿಸಿ ಇದ್ದರೆ ಹಣ ತಾನಾಗಿ ಬರುತ್ತದೆ ಅಂತ ಕೆಲವರು ತಿಳಿದಿರುತ್ತಾರೆ. ಕಂಪನಿಯವರು ಹೇಗಿದ್ದರೂ ಕೊಡುವುದಿಲ್ಲ ಅಂತ ಇನ್ನು ಕೆಲವರು ಮೊದಲೇ ಕೈಚೆಲ್ಲುತ್ತಾರೆ. ನನಗೆ ಅರ್ಥವಾದದ್ದು ಏನೆಂದರೆ, ಕ್ಲೇಮ್ ಅಂದರೆ ಲೆಕ್ಕ ಒಪ್ಪಿಸುವ ಕೆಲಸ. ಏನು ಹೋಯಿತು, ಅದು ನಮ್ಮದೇ ಆಗಿತ್ತಾ, ಅದರ ಬೆಲೆ ಎಷ್ಟು, ಹೋದದ್ದು ಪಾಲಿಸಿಯಲ್ಲಿ ಬರೆದಿರುವ ಕಾರಣದಿಂದಲೇನಾ. ಇಷ್ಟನ್ನೂ ತೋರಿಸಬೇಕಾದವರು ಕಳೆದುಕೊಂಡವರೇ. ಮನಸ್ಸು ಕೆಟ್ಟು ಹೋಗಿರುವ ಹೊತ್ತಿನಲ್ಲೇ ಈ ಕೆಲಸ ಮಾಡಬೇಕು. ಅದಕ್ಕೇ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಬೆಂಕಿ ಆರಿದ ದಿನವೇ ಕಂಪನಿಗೆ ಫೋನ್ ಮಾಡಿದೆ. ಪಾಲಿಸಿ ನಂಬರ್ ಹೇಳಿದೆ, ಕ್ಲೇಮ್ ನಂಬರ್ ಬರೆದುಕೊಂಡೆ. ಯಾರ ಜೊತೆ ಮಾತಾಡಿದೆ, ಎಷ್ಟು ಹೊತ್ತಿಗೆ, ಏನು ಹೇಳಿದರು ಅಂತಲೂ ಬರೆದಿಟ್ಟೆ. ಆಮೇಲೆ ಅದೇ ವಿಷಯವನ್ನು ಇಮೇಲ್‌ನಲ್ಲಿ ಮತ್ತೆ ಕಳಿಸಿದೆ. ಫೋನ್‌ನಲ್ಲಿ ಆಡಿದ ಮಾತಿಗೆ ಆಮೇಲೆ ಸಾಕ್ಷಿ ಇರುವುದಿಲ್ಲ. ಅಲ್ಲಿಂದ ಮುಂದೆ ಫೋನ್‌ನಲ್ಲಿ ಏನೇ ಮಾತಾದರೂ "ಈಗ ತಾವು ಹೇಳಿದ್ದು ಹೀಗೆ, ತಪ್ಪಿದ್ದರೆ ತಿಳಿಸಿ" ಅಂತ ಎರಡು ಸಾಲು ಬರೆದು ಕಳಿಸುವುದನ್ನು ರೂಢಿ ಮಾಡಿಕೊಂಡೆ. ಇಡೀ ಕ್ಲೇಮಿನಲ್ಲಿ ಇಷ್ಟು ಕೆಲಸಕ್ಕೆ ಬಂದ ಅಭ್ಯಾಸ ಇನ್ನೊಂದಿಲ್ಲ. ಅಗ್ನಿಶಾಮಕ ದಳದವರ ವರದಿಗೂ ಬೇಗನೇ ಅರ್ಜಿ ಕೊಟ್ಟೆ. ಬೆಂಕಿ ಎಲ್ಲಿಂದ ಶುರುವಾಯಿತು ಅಂತ ಹೇಳುವ ಹೊರಗಿನವರ ಕಾಗದ ಅದೊಂದೇ.

ಈ ಹಂತದಲ್ಲಿ ಹೆಚ್ಚಿನವರಿಗೆ ಒಂದು ಗೊಂದಲ ಇರುತ್ತದೆ. ಸರ್ವೇಯರ್, ಅಂದರೆ ನಷ್ಟ ಎಷ್ಟು ಅಂತ ನೋಡಿ ಲೆಕ್ಕ ಹಾಕುವವರು, ಬರುವವರೆಗೆ ಏನನ್ನೂ ಮುಟ್ಟಬಾರದಾ? ಅಥವಾ ಎಲ್ಲ ತೊಳೆದು ಸ್ವಚ್ಛ ಮಾಡಬೇಕಾ? ನಮ್ಮ ಪಾಲಿಸಿಯ ಷರತ್ತುಗಳಲ್ಲಿ ಇದಕ್ಕೆ ಉತ್ತರ ಇತ್ತು. ವಿಮೆ ಇಲ್ಲದೇ ಇದ್ದಿದ್ದರೆ ನಮ್ಮ ಸಾಮಾನನ್ನು ನಾವು ಹೇಗೆ ಕಾಪಾಡಿಕೊಳ್ಳುತ್ತಿದ್ದೆವೋ, ಈಗಲೂ ಹಾಗೇ ಕಾಪಾಡಬೇಕು. ನಷ್ಟ ಹೆಚ್ಚಾಗಲು ಬಿಟ್ಟರೆ ಹೆಚ್ಚಾದ ಭಾಗವನ್ನು ಕೊಡುವುದಿಲ್ಲ ಅನ್ನಬಹುದು. ಒದ್ದೆ ಜಾಗದಲ್ಲಿ 24 ರಿಂದ 48 ಗಂಟೆಯೊಳಗೆ ಬೂಷ್ಟು ಶುರುವಾಗಬಹುದು. ಅಷ್ಟು ಹೊತ್ತು ಸುಮ್ನೆ ಕೂರುವ ಹಾಗಿಲ್ಲ. ಒಡೆದ ಕಿಟಕಿಗೆ ಹಲಗೆ ಹೊಡೆಸಬಹುದು, ನೀರು ಬಳಿದು ಹಾಕಬಹುದು, ಹಾಸಿಗೆ ಬಟ್ಟೆಗಳನ್ನು ಒಣಗುವ ಕಡೆ ಸಾಗಿಸಬಹುದು. ಆದರೆ ಪ್ರತಿಯೊಂದಕ್ಕೂ ಮೊದಲು ಫೋಟೋ. ಇದ್ದ ಜಾಗದಲ್ಲೇ ಒಂದು, ಹತ್ತಿರದಿಂದ ಇನ್ನೊಂದು. ಯಾವುದನ್ನೂ ಬಿಸಾಡುವ ಹಾಗಿಲ್ಲ. ಸುಟ್ಟ ಸಾಮಾನನ್ನೆಲ್ಲ ಒಂದು ಮೂಲೆಯಲ್ಲಿ ಗುಡ್ಡೆ ಹಾಕಿ ಪ್ಲಾಸ್ಟಿಕ್ ಹಾಳೆ ಹೊದಿಸಿದೆವು. ಹಲಗೆ, ಕೂಲಿ, ಬಾಡಿಗೆ ಪಂಪ್ ಎಲ್ಲದರ ರಸೀದಿ ಇಟ್ಟೆವು. ಆ ಖರ್ಚನ್ನು ಕಂಪನಿ ಆಮೇಲೆ ಕೊಟ್ಟಿತು.

ಆ ಕರಗಿದ ಎಕ್ಸ್‌ಟೆನ್ಷನ್ ಬಾಕ್ಸ್ ಅನ್ನು ಮಾತ್ರ ಬೇರೆಯಾಗಿ ಒಂದು ಡಬ್ಬಿಯಲ್ಲಿ ಇಟ್ಟೆ. ಕಾರಣ ಇದೆ. ನಮಗೆ ಹಣ ಕೊಟ್ಟ ಮೇಲೆ, ಬೆಂಕಿಗೆ ಕಾರಣರಾದವರು ಬೇರೆ ಯಾರಾದರೂ ಇದ್ದರೆ ಅವರಿಂದ ಅದನ್ನು ವಸೂಲಿ ಮಾಡುವ ಹಕ್ಕು ವಿಮಾ ಕಂಪನಿಗೆ ಬರುತ್ತದೆ. ನಮ್ಮ ಹಕ್ಕೇ ಅವರ ಕೈಗೆ ಹೋಗುತ್ತದೆ. ಹಾಗಾಗಿ ಆ ವಸ್ತುವನ್ನು ಕಳೆದರೆ, ಇಲ್ಲವೇ ಅದನ್ನು ತಯಾರಿಸಿದವರ ಜೊತೆ ನಾವೇ ಏನಾದರೂ ರಾಜಿ ಮಾಡಿಕೊಂಡರೆ, ನಮ್ಮ ಕ್ಲೇಮಿಗೇ ತೊಂದರೆ. ಸರ್ವೇಯರ್ ಬಂದವರೇ ಮೊದಲು ಕೇಳಿದ್ದು ಆ ಬಾಕ್ಸ್ ಎಲ್ಲಿ ಅಂತ.

ಇನ್ನು ಹೊಗೆಯ ವಿಷಯ. ಬೆಂಕಿ ಸುಟ್ಟದ್ದು ಕಣ್ಣಿಗೆ ಕಾಣುತ್ತದೆ, ಹೊಗೆ ಮಾಡಿದ ಹಾಳು ಕಾಣುವುದಿಲ್ಲ. ಮಸಿ ಬರೀ ಕಪ್ಪು ಪುಡಿ ಅಲ್ಲ. ವೈರುಗಳ ಮೇಲಿರುವ ಪಿವಿಸಿ ಪ್ಲಾಸ್ಟಿಕ್ ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ. ಅದಕ್ಕೆ ತೇವ ಸೇರಿದರೆ ಹೈಡ್ರೋಕ್ಲೋರಿಕ್ ಆಮ್ಲ. ಅದು ಲೋಹವನ್ನು ದಿನ ಕಳೆದಂತೆ ತಿನ್ನುತ್ತಾ ಹೋಗುತ್ತದೆ. ನಮ್ಮ ಕೋಣೆಯಲ್ಲಿದ್ದ ಕಂಪ್ಯೂಟರ್ ನೋಡಲು ಚೆನ್ನಾಗೇ ಇತ್ತು. "ಆನ್ ಮಾಡಿ ನೋಡೋಣ" ಅಂತ ಅಕ್ಕ ಅಂದಾಗ ಬೇಡ ಅಂದೆ. ಒಳಗೆ ಮಸಿ, ತೇವ ಇರುವಾಗ ಕರೆಂಟ್ ಕೊಟ್ಟರೆ ಉಳಿಯಬಹುದಾದದ್ದೂ ಹೋಗುತ್ತದೆ. ಗೋಡೆ ಮೇಲಿನ ಮಸಿಯನ್ನು ಒದ್ದೆ ಬಟ್ಟೆಯಿಂದ ಒರೆಸುವುದೂ ಬೇಡ, ಅದು ಇನ್ನಷ್ಟು ಹರಡಿ ಒಳಗೆ ಇಳಿಯುತ್ತದೆ.

ಸರ್ವೇಯರ್ ಕೋಣೆಯೊಳಗೆ ಬಂದು ನೋಡಿ, "ಈ ಕಂಪ್ಯೂಟರಿಗೆ, ಈ ಫ್ರಿಜ್ಜಿಗೆ ಏನೂ ಆಗಿಲ್ಲವಲ್ಲ ಮೇಡಂ" ಅಂದರು. ವಾದ ಮಾಡಲಿಲ್ಲ. "ಸರ್, ಟೆಕ್ನಿಷಿಯನ್ ಹತ್ತಿರ ಬಿಚ್ಚಿಸಿ ವರದಿ ಬರೆಸಿ ಕೊಡುತ್ತೇನೆ, ಅಲ್ಲಿವರೆಗೆ ಇವುಗಳನ್ನು ಬಾಕಿ ಅಂತ ಬರೆದುಕೊಳ್ಳಿ" ಅಂತ ಕೇಳಿದೆ. ಅವರು ಒಪ್ಪಿದರು. ಬಿಚ್ಚಿದಾಗ ಕಂಪ್ಯೂಟರಿನ ಬೋರ್ಡ್ ಮೇಲೆ ಬಿಳಿ, ಹಸಿರು ಪೊರೆ ಕಟ್ಟಿತ್ತು. ಫೋಟೋ ಸಮೇತ ವರದಿ ಕೊಟ್ಟ ಮೇಲೆ ಅದು ಪಟ್ಟಿಗೆ ಸೇರಿತು. ಫ್ರಿಜ್ ನಿಜವಾಗಿಯೂ ಚೆನ್ನಾಗಿತ್ತು, ಅದಕ್ಕೆ ಸ್ವಚ್ಛ ಮಾಡಿಸಿದ ಖರ್ಚು ಮಾತ್ರ ಬಂತು. ಅದು ಸರಿಯೇ. ನೀರಿನಿಂದ ಹಾಳಾದ ಮಂಚ, ಪುಸ್ತಕಗಳ ಬಗ್ಗೆ ಮಾತ್ರ ಯಾರೂ ತಕರಾರು ತೆಗೆಯಲಿಲ್ಲ. ಬೆಂಕಿ ಆರಿಸಲು ಬಂದ ನೀರಿಗೆ ಮೂಲ ಕಾರಣ ಬೆಂಕಿಯೇ ಅಲ್ವಾ.

ಈಗ ಪಟ್ಟಿಯ ಮಾತು. ನನ್ನ ಪ್ರಕಾರ ಕ್ಲೇಮಿನ ಜೀವ ಇರುವುದೇ ಇಲ್ಲಿ.

ಕಂಪನಿ ಒಂದು ಫಾರಂ ಕೊಟ್ಟಿತು. ವಸ್ತು, ಕೊಂಡ ವರ್ಷ, ಕೊಂಡ ಬೆಲೆ, ಈಗಿನ ಬೆಲೆ, ಆಧಾರ. ಮೊದಲ ಸಲ ಮೂವರೂ ಕೂತು ಬರೆದಾಗ ಟಿವಿ, ಸೋಫಾ, ಬೀರು, ಫ್ಯಾನು ಅಂತ ಒಂದು ಪುಟವೂ ತುಂಬಲಿಲ್ಲ. ದೊಡ್ಡ ಸಾಮಾನು ಎಲ್ಲರಿಗೂ ನೆನಪಿರುತ್ತದೆ. ಆದರೆ ಮನೆ ತುಂಬಿರುವುದು ಸಣ್ಣ ಸಾಮಾನಿನಿಂದ. ಪರದೆ, ಪರದೆ ತೂಗುಹಾಕುವ ಸರಳು, ದಿಂಬು, ಗಡಿಯಾರ, ಚಾರ್ಜರ್, ಚಪ್ಪಲಿ, ಟೂಲ್ ಡಬ್ಬಿ, ಬೀರುವಿನೊಳಗೆ ಮಡಿಚಿಟ್ಟ ಹೊದಿಕೆಗಳು. ಒಂದೊಂದರ ಬೆಲೆ ಕಡಿಮೆ. ಎಲ್ಲ ಸೇರಿದರೆ ಟಿವಿಗಿಂತ ಎಷ್ಟೋ ಜಾಸ್ತಿ.

ಆಮೇಲೆ ದಾರಿ ಬದಲಿಸಿದೆವು. ಬಾಗಿಲಿನ ಎಡಗಡೆಯಿಂದ ಶುರು ಮಾಡಿ ಗೋಡೆ ಹಿಡಿದು ಸುತ್ತುತ್ತಾ ಬಂದೆವು. ಮೇಲಿನ ಶೆಲ್ಫ್‌ನಲ್ಲಿ ಏನಿತ್ತು, ಕೆಳಗಿನ ಶೆಲ್ಫ್‌ನಲ್ಲಿ ಏನಿತ್ತು, ಮೊದಲ ಡ್ರಾಯರ್, ಎರಡನೆಯ ಡ್ರಾಯರ್. ಅಮ್ಮ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಅಮ್ಮನ ನೆನಪು ಅಷ್ಟು ಗಟ್ಟಿ ಅಂತ ನನಗೆ ಗೊತ್ತೇ ಇರಲಿಲ್ಲ. ಯಾವ ಹೊದಿಕೆಯ ಮೇಲೆ ಯಾವುದನ್ನು ಇಟ್ಟಿದ್ದರು ಅಂತ ಕೂಡ ಹೇಳಿದರು. ಮಧ್ಯೆ ಎರಡು ಮೂರು ಸಲ ಮಾತು ನಿಂತುಹೋಯಿತು. ಅಪ್ಪನ ಕನ್ನಡಕ, ಅವರ ಡೈರಿಗಳು ಅದೇ ಬೀರುವಿನಲ್ಲಿದ್ದವು. ಅವುಗಳಿಗೆ ಫಾರಂನಲ್ಲಿ ಹಾಕಲು ಬೆಲೆ ಇಲ್ಲ. ವಿಮೆ ಕೊಡುವುದು ಮಾರುಕಟ್ಟೆಯಲ್ಲಿ ಸಿಗುವ ವಸ್ತುವಿಗೆ ಮಾತ್ರ. ಅಂಥವುಗಳನ್ನು ಬೇರೆ ಹಾಳೆಯಲ್ಲಿ ನಮಗಾಗಿಯೇ ಬರೆದಿಟ್ಟುಕೊಂಡೆವು. ಈ ಕೆಲಸವನ್ನು ಒಂದೇ ದಿನ ಮುಗಿಸಬೇಕು ಅಂತ ಹೋಗಬೇಡಿ. ಒಬ್ಬರೇ ಕೂತು ಮಾಡಲೂ ಬೇಡಿ.

ಆಧಾರಕ್ಕೆ ಬಿಲ್ಲೇ ಬೇಕು ಅಂತ ಇಲ್ಲ. ಬಿಲ್ಲುಗಳೂ ಸುಟ್ಟಿರುತ್ತವಲ್ಲ. ನಮಗೆ ಹೆಚ್ಚು ನೆರವಾದದ್ದು ಹಳೆಯ ಫೋಟೋಗಳು. ಹುಟ್ಟುಹಬ್ಬದ ಫೋಟೋದಲ್ಲಿ ಹಿಂದೆ ಸೋಫಾ, ಗೋಡೆ ಗಡಿಯಾರ, ಷೋಕೇಸ್ ಎಲ್ಲ ಕಾಣುತ್ತಿತ್ತು. ನೆಂಟರ ಫೋನುಗಳಲ್ಲಿ ಇದ್ದ ಫೋಟೋಗಳನ್ನೂ ಕೇಳಿ ತರಿಸಿಕೊಂಡೆವು. ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಅಂಗಡಿಗೆ ಹೋದ ಹಣದ ದಾಖಲೆ ಇತ್ತು. ಆನ್‌ಲೈನ್ ಖರೀದಿಗಳದ್ದು ಇಮೇಲ್‌ನಲ್ಲಿ ಇತ್ತು. ವಾರಂಟಿಗೆ ಹೆಸರು ನೋಂದಾಯಿಸಿದ್ದ ಸಾಮಾನಿನ ಸೀರಿಯಲ್ ನಂಬರ್‌ಗಳನ್ನು ತಯಾರಕರೇ ಕೊಟ್ಟರು. ಬೂದಿಯಲ್ಲೂ ಸಾಕ್ಷಿ ಸಿಗುತ್ತದೆ. ಬಟ್ಟೆ ಪೂರ್ತಿ ಸುಟ್ಟರೂ ಲೋಹದ ಜಿಪ್ ಉಳಿದಿರುತ್ತದೆ. ಬೀರು ಹೋದರೂ ಹಿಡಿಕೆ, ಕೀಲು ಉಳಿದಿರುತ್ತವೆ. ಅವುಗಳನ್ನು ಆರಿಸಿ, ಚೀಟಿ ಅಂಟಿಸಿ, ಪಟ್ಟಿಯ ಸಾಲಿನ ನಂಬರ್ ಬರೆದೆವು. ಸರ್ವೇಯರ್ ಎರಡನೆಯ ಸಲ ಬಂದಾಗ ಪಟ್ಟಿಯ ಯಾವ ಸಾಲಿಗೆ ಬೆರಳಿಟ್ಟರೂ ತೋರಿಸಲು ಏನಾದರೂ ಒಂದು ಇತ್ತು. ಆಮೇಲೆ ಅವರು ನಮ್ಮ ಜೊತೆ ಮಾತಾಡುವ ರೀತಿಯೇ ಬದಲಾಯಿತು.

ಪಕ್ಕದ ಮನೆಯವರು ಒಳ್ಳೆಯ ಮನಸ್ಸಿನಿಂದಲೇ ಒಂದು ಸಲಹೆ ಕೊಟ್ಟರು. "ಹೇಗಿದ್ದರೂ ಅವರು ಕಡಿಮೆ ಮಾಡುತ್ತಾರೆ, ನೀವು ಮೊದಲೇ ಜಾಸ್ತಿ ಬರೆಯಿರಿ" ಅಂತ. ಅದು ಬಹಳ ಅಪಾಯದ ಮಾತು. ಎಷ್ಟೋ ಪಾಲಿಸಿಗಳಲ್ಲಿ ಒಂದೇ ಒಂದು ವಸ್ತುವಿನ ಬಗ್ಗೆ ಸುಳ್ಳು ಹೇಳಿದ್ದು ಗೊತ್ತಾದರೂ ಇಡೀ ಕ್ಲೇಮನ್ನೇ ತಳ್ಳಿಹಾಕುವ ಷರತ್ತು ಇರುತ್ತದೆ. ಇಲ್ಲದ ಒಂದು ಕ್ಯಾಮೆರಾ ಬರೆದು ಇದ್ದ ಮನೆಯ ಹಣ ಕಳೆದುಕೊಳ್ಳುವುದಾ? ನಮಗೆ ಖಚಿತ ಇಲ್ಲದ ಕಡೆ "ಅಂದಾಜು" ಅಂತ ಸ್ಪಷ್ಟವಾಗಿ ಬರೆದೆವು. ಅದನ್ನು ಯಾರೂ ತಪ್ಪು ಅನ್ನಲಿಲ್ಲ.

ಅಕ್ಕ ಮನೆಯಲ್ಲೇ ಬಟ್ಟೆ ಹೊಲಿದು ಕೊಡುತ್ತಾಳೆ. ಅವಳ ಹೊಲಿಗೆ ಮೆಷಿನ್, ಗಿರಾಕಿಗಳ ಬಟ್ಟೆ ಹಾಲ್‌ನಲ್ಲೇ ಇದ್ದವು. ಇದು ಕಂಪನಿಗೆ ಗೊತ್ತಾದಾಗ, "ಮನೆಯಲ್ಲಿ ವ್ಯಾಪಾರ ನಡೆಸುವುದನ್ನು ಮುಚ್ಚಿಟ್ಟಿದ್ದೀರಿ" ಅಂತ ಒಂದು ಪತ್ರ ಬಂತು. ಓದಿ ಅಕ್ಕ ಅಳುವಂತಾದಳು. ಭಯವಾದದ್ದು ನಿಜ, ಏಕೆಂದರೆ ವಿಮೆಯಲ್ಲಿ ಮುಖ್ಯ ವಿಷಯ ಮುಚ್ಚಿಡುವುದು ದೊಡ್ಡ ತಪ್ಪು. ನಾನು ವಿಮೆ ಮಾಡಿಸುವಾಗ ತುಂಬಿದ್ದ ಅರ್ಜಿಯ ಪ್ರತಿ ತರಿಸಿ ನೋಡಿದೆ. ಅದರಲ್ಲಿ "ಮನೆಯಲ್ಲಿ ಯಾರಾದರೂ ಕೆಲಸ ಮಾಡುತ್ತಾರಾ" ಅನ್ನುವ ಪ್ರಶ್ನೆಗೆ ಹೌದು, ಹೊಲಿಗೆ ಅಂತ ಬರೆದಿತ್ತು. ಅದನ್ನೇ ಲಗತ್ತಿಸಿ ಉತ್ತರ ಕೊಟ್ಟೆ.

ಮುಖ್ಯ ವಿಷಯ ಮುಚ್ಚಿಡಬಾರದು ಅನ್ನುವ ಈ ನಂಬಿಕೆಯ ನಿಯಮಕ್ಕೆ ಹಳೆಯ ಇತಿಹಾಸ ಇದೆ. 1766 ರಲ್ಲಿ ಇಂಗ್ಲೆಂಡಿನಲ್ಲಿ ಕಾರ್ಟರ್ ಮತ್ತು ಬೋಮ್ ಅನ್ನುವವರ ನಡುವೆ ಒಂದು ಮೊಕದ್ದಮೆ ನಡೆಯಿತು. ಸುಮಾತ್ರಾದ ಒಂದು ಕೋಟೆ ಶತ್ರುಗಳ ಕೈ ಸೇರಿದರೆ ಹಣ ಸಿಗಬೇಕು ಅಂತ ಅಲ್ಲಿನ ಗವರ್ನರ್ ವಿಮೆ ಮಾಡಿಸಿದ್ದ. ಫ್ರೆಂಚರು ಕೋಟೆ ಹಿಡಿದರು. ಕೋಟೆ ದುರ್ಬಲ ಅಂತ ನೀನು ಹೇಳಲಿಲ್ಲ ಅಂತ ವಿಮೆ ಕೊಟ್ಟವನು ತಕರಾರು ತೆಗೆದ. ಲಾರ್ಡ್ ಮ್ಯಾನ್ಸ್‌ಫೀಲ್ಡ್ ಅನ್ನುವ ನ್ಯಾಯಾಧೀಶರು ಮುಚ್ಚಿಡಬಾರದು ಅನ್ನುವ ನಿಯಮ ಎರಡೂ ಕಡೆಯವರಿಗೆ ಅನ್ವಯಿಸುತ್ತದೆ ಅಂದರು. ವಿಮೆ ಕೊಡುವವನಿಗೆ ಗೊತ್ತಿರುವುದನ್ನು, ಗೊತ್ತಿರಬೇಕಾದದ್ದನ್ನು ಮತ್ತೆ ಹೇಳುವ ಅಗತ್ಯ ಇಲ್ಲ ಅಂತಲೂ ಹೇಳಿದರು. ತೀರ್ಪು ಗವರ್ನರ್ ಕಡೆಗಾಯಿತು. ಇದನ್ನು ಓದಿದ ಮೇಲೆ ನನಗೆ ಧೈರ್ಯ ಬಂತು. ನಮ್ಮ ಅರ್ಜಿಯಲ್ಲಿ ಬರೆದದ್ದು ಕಂಪನಿಯ ಕೈಯಲ್ಲೇ ಇತ್ತಲ್ಲ. ಕೊನೆಗೆ ಆ ಆರೋಪವನ್ನು ಅವರು ಹಿಂತೆಗೆದುಕೊಂಡರು. ಆದರೆ ಗಿರಾಕಿಗಳ ಬಟ್ಟೆಗೆ ಹಣ ಕೊಡಲಿಲ್ಲ. ಮನೆಯ ವಿಮೆಯಲ್ಲಿ ಬೇರೆಯವರ ವ್ಯಾಪಾರದ ಸಾಮಾನು ಸೇರುವುದಿಲ್ಲ ಅಂತ ಪಾಲಿಸಿಯಲ್ಲೇ ಬರೆದಿತ್ತು. ಮನೆಯಲ್ಲಿ ಏನೇ ಸಣ್ಣ ಕೆಲಸ ನಡೆಸುವವರಿದ್ದರೂ ಅದಕ್ಕೆ ಬೇರೆ ರಕ್ಷಣೆ ಕೇಳಿ ತೆಗೆದುಕೊಳ್ಳಿ.

ಸ್ವಲ್ಪ ಸಮಯದ ಮೇಲೆ ಕಂಪನಿಯ ಮೊದಲ ಅಂಕಿ ಬಂತು. ನಾವು ಲೆಕ್ಕ ಹಾಕಿದ್ದಕ್ಕಿಂತ ಬಹಳ ಕಡಿಮೆ. ಒಂದೇ ಸಾಲಿನಲ್ಲಿ ಒಟ್ಟು ಮೊತ್ತ, ಕೆಳಗೆ ಸಹಿ ಮಾಡುವ ಜಾಗ. ಒಂದೊಂದು ವಸ್ತುವಿಗೆ ಎಷ್ಟು ಹಾಕಿದ್ದೀರಿ, ಎಷ್ಟು ಕಳೆದಿದ್ದೀರಿ, ಪಾಲಿಸಿಯ ಯಾವ ಷರತ್ತಿನ ಪ್ರಕಾರ ಅಂತ ಬಿಡಿಸಿ ಕೊಡಿ ಎಂದು ಬರೆದೆ. ಸರ್ವೇಯರ್ ವರದಿಯ ಪ್ರತಿಯನ್ನೂ ಕೇಳಿದೆ. ಬಿಡಿಸಿದ ಲೆಕ್ಕ ಬಂದ ಮೇಲೆಯೇ ಮಾತಾಡಲು ಸಾಧ್ಯವಾದದ್ದು.

ಹಣ ಕಡಿಮೆಯಾಗುವುದು ಮುಖ್ಯವಾಗಿ ಮೂರು ಕಡೆ. ಮೊದಲನೆಯದು ಸವಕಳಿ, ಅಂದರೆ ವಸ್ತು ಹಳೆಯದಾದಷ್ಟೂ ಬೆಲೆ ಕಳೆಯುವುದು. "ಹೊಸ ಸೋಫಾ ತರಲು ಹೊಸ ಬೆಲೆ ತಾನೇ ಕೊಡಬೇಕು?" ಅಂತ ಅಕ್ಕ ಕೇಳಿದಳು. ವಿಮೆಯ ಮೂಲ ತತ್ವ ಬೇರೆ. ನಷ್ಟವಾಗುವ ಮೊದಲು ಇದ್ದ ಸ್ಥಿತಿಗೆ ತಂದು ನಿಲ್ಲಿಸುವುದು ಅಷ್ಟೇ, ಲಾಭ ಆಗಬಾರದು. 1883 ರಲ್ಲಿ ಇಂಗ್ಲೆಂಡಿನಲ್ಲಿ ಕ್ಯಾಸ್ಟೆಲೇನ್ ಮತ್ತು ಪ್ರೆಸ್ಟನ್ ನಡುವಿನ ಮೊಕದ್ದಮೆಯಲ್ಲಿ ಇದನ್ನು ಬಹಳ ಬಿಗಿಯಾಗಿ ಹೇಳಿದರು. ಮನೆ ಮಾರಲು ಒಪ್ಪಂದವಾಗಿತ್ತು. ಮಾರಾಟ ಪೂರ್ತಿಯಾಗುವ ಮೊದಲು ಬೆಂಕಿ ಬಿತ್ತು. ಮಾರುವವನಿಗೆ ವಿಮೆಯ ಹಣ ಬಂತು, ಆಮೇಲೆ ಕೊಳ್ಳುವವನಿಂದ ಪೂರ್ತಿ ಬೆಲೆಯೂ ಬಂತು. ಎರಡೂ ಇಟ್ಟುಕೊಳ್ಳುವ ಹಾಗಿಲ್ಲ, ವಿಮೆಯ ಹಣ ವಾಪಸ್ ಕೊಡು ಅಂತ ತೀರ್ಪಾಯಿತು. ಹಾಗಾಗಿ ಹಳೆಯ ವಸ್ತುವಿಗೆ ವಯಸ್ಸು ಕಳೆದು ಹಣ ಕೊಡುವುದು ಸಾಮಾನ್ಯ. ಆದರೆ ಮರುಸ್ಥಾಪನೆ ಬೆಲೆ, ಅಂದರೆ ಹೊಸದಕ್ಕೆ ಹೊಸದು ಕೊಡುವ ಪಾಲಿಸಿಗಳೂ ಇವೆ. ನಮ್ಮದರಲ್ಲಿ ಕಟ್ಟಡಕ್ಕೆ ಹಾಗೆ ಇತ್ತು, ಸಾಮಾನಿಗೆ ಇರಲಿಲ್ಲ. ಕಂಪನಿಯವರು ಕಟ್ಟಡದ ಬಾಗಿಲು, ವೈರಿಂಗಿಗೂ ಸವಕಳಿ ಕಳೆದಿದ್ದರು. ಷರತ್ತಿನ ಸಾಲನ್ನು ಎತ್ತಿ ಬರೆದು ಕಳಿಸಿದೆ, ಸರಿ ಮಾಡಿದರು. ಗಟ್ಟಿ ಮರದ ಬೀರುವಿಗೂ ಟಿವಿಗೂ ಒಂದೇ ದರದಲ್ಲಿ ಸವಕಳಿ ಹಾಕಿದ್ದರು. ಮರಗೆಲಸದವರಿಂದ ಬರೆಸಿಕೊಟ್ಟ ಮೇಲೆ ಅದೂ ಸ್ವಲ್ಪ ಸುಧಾರಿಸಿತು.

ಎರಡನೆಯದು ಕಡಿಮೆ ಮೊತ್ತಕ್ಕೆ ವಿಮೆ ಮಾಡಿಸಿರುವುದು. ಇದು ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ, ಗೊತ್ತಾಗುವುದೇ ಕ್ಲೇಮ್ ಹೊತ್ತಿಗೆ. ಮನೆಯ ಸಾಮಾನಿನ ನಿಜ ಬೆಲೆ 100 ಇದ್ದು, ವಿಮೆ 60 ಕ್ಕೆ ಮಾತ್ರ ಇದೆ ಅಂದುಕೊಳ್ಳಿ. 30 ರಷ್ಟು ಸುಟ್ಟರೆ 30 ಬರುತ್ತದೆ ಅಂತ ನಾವು ತಿಳಿಯುತ್ತೇವೆ. ಹೇಗಿದ್ದರೂ 60 ರ ಒಳಗೇ ಇದೆಯಲ್ಲ ಅಂತ. ಆದರೆ ಸರಾಸರಿ ಷರತ್ತು, ಅಂದರೆ ನಿಜ ಬೆಲೆಯಲ್ಲಿ ಎಷ್ಟು ಪಾಲಿಗೆ ವಿಮೆ ಇದೆಯೋ ನಷ್ಟದಲ್ಲೂ ಅಷ್ಟೇ ಪಾಲು ಕೊಡುವ ಷರತ್ತು, ಇರುವ ಪಾಲಿಸಿಯಲ್ಲಿ ಬರುವುದು 18 ಮಾತ್ರ. ಉಳಿದ ಪಾಲಿಗೆ ನಾವೇ ವಿಮೆ ಕೊಟ್ಟವರು ಇದ್ದ ಹಾಗೆ ಲೆಕ್ಕ. ಇಲ್ಲಿ ಇನ್ನೊಂದು ವಿಷಯ ಇದೆ. ಸವಕಳಿ ಕಳೆದು ಹಣ ಕೊಡುವ ಪಾಲಿಸಿಯಾದರೆ, ಒಟ್ಟು ಸಾಮಾನಿನ ಬೆಲೆ ಕಟ್ಟುವಾಗಲೂ ಸವಕಳಿ ಕಳೆದೇ ಕಟ್ಟಬೇಕು. ನಮ್ಮ ಲೆಕ್ಕದಲ್ಲಿ ಸುಟ್ಟದ್ದಕ್ಕೆ ಹಳೆಯ ಬೆಲೆ, ಒಟ್ಟು ಸಾಮಾನಿಗೆ ಹೊಸ ಬೆಲೆ ಹಾಕಿದ್ದರು. ಇದನ್ನು ತೋರಿಸಿಕೊಟ್ಟ ಮೇಲೆ ಕಡಿತ ಮೊದಲಿದ್ದದ್ದರ ಅರ್ಧಕ್ಕಿಂತಲೂ ಕೆಳಗೆ ಇಳಿಯಿತು. ಇಡೀ ಕ್ಲೇಮಿನಲ್ಲಿ ದೊಡ್ಡ ವ್ಯತ್ಯಾಸ ತಂದದ್ದು ಇದೇ. ನಿಮ್ಮ ಲೆಕ್ಕದಲ್ಲಿ ಸರಾಸರಿ ಕಡಿತ ಇದ್ದರೆ ಎರಡೂ ಕಡೆಯ ಬೆಲೆ ಒಂದೇ ಅಳತೆಯದ್ದಾ ಅಂತ ದಯವಿಟ್ಟು ನೋಡಿ.

ಮೂರನೆಯದು ನಾವೇ ಹೊರಬೇಕಾದ ಮೊದಲ ಪಾಲು, ಮತ್ತೆ ಒಡವೆ, ನಗದು ಇಂಥವಕ್ಕೆ ಇರುವ ಮಿತಿ. ಅದು ಪಾಲಿಸಿಯಲ್ಲಿ ಸ್ಪಷ್ಟವಾಗಿ ಇರುತ್ತದೆ. ಅಲ್ಲಿ ಮಾತಾಡಲು ಏನೂ ಇರಲಿಲ್ಲ.

ಸಹಿಯ ಬಗ್ಗೆ ಒಂದು ಮಾತು. ಹಣ ಕೊಡುವ ಮೊದಲು ಡಿಸ್ಚಾರ್ಜ್ ವೋಚರ್‌ಗೆ ಸಹಿ ಕೇಳಿದರು. ಅದರಲ್ಲಿ "ಪೂರ್ತಿ ಮತ್ತು ಅಂತಿಮ ಪರಿಹಾರವಾಗಿ ಒಪ್ಪಿದ್ದೇವೆ" ಅಂತ ಇತ್ತು. ಕೈಯಲ್ಲಿ ಹಣ ಇಲ್ಲದೆ ಬಾಡಿಗೆ ಮನೆಯಲ್ಲಿ ಇರುವವರಿಗೆ ಸಹಿ ಮಾಡಿಬಿಡೋಣ ಅನ್ನಿಸುವುದು ಸಹಜ. ಅಮ್ಮನೂ "ಬಂದಷ್ಟು ಬರಲಿ ಬಿಡೇ" ಅಂದರು. ತಕರಾರು ಇಲ್ಲದ ಮೊತ್ತವನ್ನು ಮಧ್ಯಂತರ ಪಾವತಿಯಾಗಿ ಕೊಡಿ, ಉಳಿದದ್ದರ ಮೇಲಿನ ನಮ್ಮ ಹಕ್ಕು ಹಾಗೇ ಇರಲಿ ಅಂತ ಬರೆದು ಕೇಳಿದೆ. ಸ್ವಲ್ಪ ಎಳೆದಾಡಿ ಒಪ್ಪಿದರು. ಆ ಹಣದಲ್ಲೇ ವೈರಿಂಗ್, ಬಾಗಿಲು, ಬಣ್ಣದ ಕೆಲಸ ಶುರುವಾಯಿತು. ಕಟ್ಟಡದ ಪಾಲಿನಲ್ಲಿ ಸವಕಳಿ ಕಳೆದ ಮೊತ್ತ ಮೊದಲು, ಕೆಲಸ ಮುಗಿಸಿ ಬಿಲ್ ಕೊಟ್ಟ ಮೇಲೆ ಉಳಿದದ್ದು. ಕ್ರಮ ಹಾಗೇ ಇತ್ತು.

ಈಗ ಬಾಕಿ ಇರುವುದು ಹಾಲ್‌ನ ನೆಲ. ಬಿಸಿಗೆ ಅರ್ಧದಷ್ಟು ಟೈಲ್ಸ್ ಸೀಳಿವೆ. ಅದೇ ಬಣ್ಣದ, ಅದೇ ಅಳತೆಯ ಟೈಲ್ಸ್ ಈಗ ತಯಾರಾಗುತ್ತಿಲ್ಲ. ಒಡೆದಷ್ಟಕ್ಕೆ ಮಾತ್ರ ಹಣ ಅನ್ನುತ್ತಾರೆ ಕಂಪನಿಯವರು. ಮೊದಲಿದ್ದ ಸ್ಥಿತಿಗೆ ತರಬೇಕಾದರೆ ಒಂದೇ ನೆಲದಲ್ಲಿ ಎರಡು ಬಣ್ಣ ಇರಲು ಆಗುವುದಿಲ್ಲ ಅನ್ನುವುದು ನಮ್ಮ ವಾದ. ಕಂಪನಿಯ ದೂರು ವಿಭಾಗ ಇದನ್ನು ಒಪ್ಪಲಿಲ್ಲ. ಅವರ ಅಂತಿಮ ಉತ್ತರವನ್ನು ಲಿಖಿತವಾಗಿ ತರಿಸಿಕೊಂಡು, ವಿಮಾ ಕಂಪನಿಗಳ ಮೇಲಿನ ದೂರು ಕೇಳುವ ವಿಮಾ ಓಂಬುಡ್ಸ್‌ಮನ್‌ಗೆ ದೂರು ಕೊಟ್ಟಿದ್ದೇನೆ. ದೂರು ಕೊಡಲು ಕೊನೆಯ ದಿನಾಂಕ ಇರುತ್ತದೆ, ಅದು ಆ ಅಂತಿಮ ಉತ್ತರದ ದಿನದಿಂದ ಲೆಕ್ಕ. ನೆಲದ ಫೋಟೋಗಳು, ಟೈಲ್ಸ್ ಈಗ ಬರುತ್ತಿಲ್ಲ ಅಂತ ಅಂಗಡಿಯವರು ಕೊಟ್ಟ ಪತ್ರ, ಪಾಲಿಸಿಯ ಮರುಸ್ಥಾಪನೆ ಷರತ್ತು, ಮತ್ತು ಮೊದಲ ದಿನದಿಂದ ಕಳಿಸಿದ ಇಮೇಲ್‌ಗಳನ್ನು ತಾರೀಖಿನ ಪ್ರಕಾರ ಜೋಡಿಸಿ ಜೊತೆಗೆ ಇಟ್ಟಿದ್ದೇನೆ.